ಬಿಸಿಲು ಮುರಿಯುವ ಗಾಳಿ: ಗುಂಡ್ಲುಪೇಟೆ ಸೀಮೆಯ ಬೇಸಿಗೆಯ ಕೊನೆ

(ರೈತರು ಮತ್ತು ಪರಿಸರಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಗುಂಡ್ಲುಪೇಟೆಯಿಂದ ಹಂಗಳದ ದಾರಿಯಲ್ಲಿ ಹೊರಟವರಿಗೆ ಕಾಣುವ ನೋಟ ಈ ಸೀಮೆಯವರಿಗೆಲ್ಲ ಪರಿಚಿತವಾದದ್ದೇ. ಉತ್ತು ಬಿಟ್ಟ ಹೊಲದಿಂದ ಝಳ ಏಳುತ್ತಿರುತ್ತದೆ. ಹುಣಸೆಯ ನೆರಳಿನಲ್ಲಿ ದನಗಳು ಮೆಲುಕು ಹಾಕುವುದನ್ನೂ ಮರೆತು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ದೂರದ ಗೋಪಾಲಸ್ವಾಮಿ ಬೆಟ್ಟ ಮಬ್ಬಿನಲ್ಲಿ ಅರ್ಧ ಕರಗಿಹೋದಂತಿರುತ್ತದೆ. ಇಂಥ ಹದಿನೈದು ಇಪ್ಪತ್ತು ದಿನಗಳ ನಂತರ, ಒಂದು ಸಂಜೆ ನಾಲ್ಕರ ಹೊತ್ತಿಗೆ, ಬೆಟ್ಟದ ಹಿಂದೆ ಮೋಡದ ಗೋಪುರ ಎದ್ದು ನಿಲ್ಲುತ್ತದೆ. ಗಾಳಿ ಒಮ್ಮೆ ಸಂಪೂರ್ಣ ನಿಲ್ಲುತ್ತದೆ. ಬಳಿಕ ಕೆಂಪು ಧೂಳಿನ ಗೋಡೆಯೊಂದು ಹೊಲಗಳ ಮೇಲೆ ಉರುಳಿಕೊಂಡು ಬರುತ್ತದೆ; ಅದರ ಬೆನ್ನಿಗೇ ಮೈ ನಡುಗಿಸುವಂಥ ತಣ್ಣನೆಯ ಗಾಳಿ. ಕಾಲು ಗಂಟೆಯೊಳಗೆ ತಾಪಮಾನ ಎಂಟು ಹತ್ತು ಡಿಗ್ರಿ ಇಳಿದುಬಿಡುವುದುಂಟು. ಮಳೆಯ ಮೊದಲ ಹನಿ ಬೀಳುವ ಮೊದಲೇ ಬಿಸಿಲು ಮುರಿದಿರುತ್ತದೆ.

ಇಂದಿನ ಮಾತಿನ ವಿಷಯ ಆ ಗಾಳಿ. ಅದು ಎಲ್ಲಿಂದ ಬರುತ್ತದೆ, ಬಂದಾಗ ಯಾರಿಗೆ ಏನನ್ನು ಕೊಡುತ್ತದೆ, ಯಾರಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಬಿಸಿಲಿನ ಅಲೆಯೊಂದು ಶೀತ ಮಾರುತ ಬಂದು ಕೊನೆಯಾಯಿತೆಂದು ಹೊರನಾಡುಗಳ ಹವಾಮಾನ ವರದಿಗಳಲ್ಲಿ ಓದುತ್ತೇವಲ್ಲ, ಅಂಥ ಶೀತ ಮಾರುತ ಈ ಸೀಮೆಗೆ ಬರುವುದಿಲ್ಲ. ಯುರೋಪಿನಲ್ಲೋ ಅಮೆರಿಕದಲ್ಲೋ ಧ್ರುವದ ಕಡೆಯ ತಂಪು ಗಾಳಿಯ ರಾಶಿ ನೂರಾರು ಮೈಲಿ ಉದ್ದದ ಗಡಿಯಾಗಿ ಬೆಚ್ಚನೆಯ ಗಾಳಿಯ ಅಡಿಗೆ ನುಗ್ಗುತ್ತದೆ. ಒಂದು ದೇಶದ ಅರ್ಧ ಭಾಗ ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತದೆ. ಭಾರತದ ಉತ್ತರಕ್ಕೆ ಹಿಮಾಲಯ ಅಡ್ಡ ನಿಂತಿದೆ. ಪಶ್ಚಿಮದಿಂದ ಬರುವ ಚಳಿಗಾಲದ ಕ್ಷೋಭೆಗಳು ಪಂಜಾಬ, ದೆಹಲಿಗಳವರೆಗೆ ಬಂದು ತಂಪೆರೆದು ಸೋತುಹೋಗುತ್ತವೆ. ಕಾವೇರಿಯ ದಕ್ಷಿಣಕ್ಕೆ, ನೀಲಗಿರಿಯ ಬುಡದಲ್ಲಿರುವ ಗುಂಡ್ಲುಪೇಟೆಗೆ ಏಪ್ರಿಲ್ ತಿಂಗಳಿನಲ್ಲಿ ಹೊರಗಿನಿಂದ ಯಾವ ತಂಪೂ ಬರಲಾರದು. ಇಲ್ಲಿನ ಶೀತ ಮಾರುತ ಇಲ್ಲಿಯೇ, ಇದೇ ಬಿಸಿಲಿನ ಹೊಟ್ಟೆಯಲ್ಲಿಯೇ ಹುಟ್ಟುತ್ತದೆ.

ಅದರ ಗುಟ್ಟು ಪ್ರತಿ ಮನೆಯ ಮೂಲೆಯ ಮಣ್ಣಿನ ಮಡಕೆಯಲ್ಲಿದೆ. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 600 ಕ್ಯಾಲೊರಿ ಬೇಕು. ಗುಡುಗುಮೋಡದಡಿಯಲ್ಲಿಯೂ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಅರ್ಧ ದಾರಿಯಲ್ಲೇ ಆವಿಯಾಗುತ್ತವೆ. ಆ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರವಾದದ್ದು ಕುಸಿಯುತ್ತದೆ, ಕುಸಿದು ನೆಲಕ್ಕೆ ಬಡಿದು ಸುತ್ತಲೂ ಹರಡಿಕೊಳ್ಳುತ್ತದೆ. ಧೂಳಿನ ಗೋಡೆಯೆಂದು ಕಾಣುವುದು ಹೀಗೆ ಹರಡುತ್ತ ಬಂದ ತಂಪು ಗಾಳಿಯ ಅಂಚು. ಕೆಳಗಿನ ಗಾಳಿ ಹೆಚ್ಚು ಒಣಗಿದ್ದಷ್ಟೂ ಹನಿಗಳು ಹೆಚ್ಚು ಆವಿಯಾಗುತ್ತವೆ, ಗಾಳಿ ಹೆಚ್ಚು ತಣ್ಣಗಾಗುತ್ತದೆ, ಹೊಡೆತವೂ ಜೋರಾಗುತ್ತದೆ. ಬಿಸಿಲು ದೀರ್ಘವಾಗಿದ್ದ ವರ್ಷ ಮೊದಲ ಮಳೆಯ ಗಾಳಿ ರಭಸವಾಗಿರುತ್ತದೆಂದು ಹಿರಿಯರು ಹೇಳುವುದರಲ್ಲಿ ಇಷ್ಟು ಭೌತಶಾಸ್ತ್ರ ಅಡಗಿದೆ.

ಆದರೆ ಮೋಡ ಕಟ್ಟುವುದಕ್ಕೆ ತೇವ ಬೇಕು, ಬಿಸಿಲೊಂದೇ ಸಾಲದು. ಏಪ್ರಿಲ್–ಮೇ ತಿಂಗಳುಗಳಲ್ಲಿ ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡು, ಕೇರಳದವರೆಗೆ ಉತ್ತರ–ದಕ್ಷಿಣವಾಗಿ ಒತ್ತಡ ಕಡಿಮೆಯಿರುವ ಒಂದು ಗೆರೆ ಆಗಾಗ್ಗೆ ಏರ್ಪಡುತ್ತದೆ. ಅರಬ್ಬೀ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯ ಗಾಳಿಯೂ ಆ ಗೆರೆಯಲ್ಲಿ ಬಂದು ಸಂಧಿಸುತ್ತವೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ದ್ರೋಣಿ ಎಂಬ ಪದ ಕೇಳಿಬರುವುದು ಇದಕ್ಕಾಗಿಯೇ. ಆ ಗೆರೆ ಮಸುಕಾಗಿದ್ದಾಗ, ಅಥವಾ ಮೇಲಿನ ಆಕಾಶದಲ್ಲಿ ಇಳಿಗಾಳಿ ಮುಚ್ಚಳದಂತೆ ಕುಳಿತಾಗ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ. ಗೆರೆ ಗಟ್ಟಿಯಾದ ದಿನ ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ, ನೀಲಗಿರಿಯ ಇಳಿಜಾರುಗಳು ಕಾದ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ. ಮೋಡ ಮೊದಲು ಬೆಟ್ಟದ ತಲೆಯ ಮೇಲೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಬೆಟ್ಟದ ಕಾಡು ಉಸಿರಾಡುವ ತೇವವೂ ಈ ಲೆಕ್ಕದಲ್ಲಿ ಸೇರುತ್ತದೆ. ಎಷ್ಟು ಪಾಲು ಎಂಬುದರ ಬಗ್ಗೆ ಅವಸರದ ಮಾತು ಬೇಡ. ಕಾಡಿದ್ದರೆ ಮಳೆ, ಇಲ್ಲದಿದ್ದರೆ ಇಲ್ಲ ಎಂಬ ಸರಳ ಘೋಷಣೆಗಳು ಪರಿಸರ ಚಳವಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿವೆ.

ಈಗ ಈ ಮಳೆಗೆ ಇಲ್ಲಿರುವ ಬೆಲೆಯ ವಿಚಾರ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ 60 ಕಿಲೋಮೀಟರು ಕೂಡ ಇಲ್ಲ. ವಯನಾಡಿನ ಘಟ್ಟದ ಅಂಚಿನಲ್ಲಿ ಜೂನ್ ತಿಂಗಳ ಮಳೆ ಹೊಳೆಯಾಗಿ ಸುರಿಯುವಾಗ, ಅದೇ ಗಾಳಿ ಬಂಡೀಪುರವನ್ನು ದಾಟಿ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಆಷಾಢದಲ್ಲಿ ಈ ಸೀಮೆಗೆ ಸಿಗುವುದು ಬಿಡದೆ ಬೀಸುವ ಗಾಳಿ ಮತ್ತು ತುಂತುರು. ವರ್ಷಕ್ಕೆ ಸುಮಾರು 750 ಮಿಲಿಮೀಟರು ಮಳೆ ಬೀಳುವ ಈ ಜಿಲ್ಲೆಯಲ್ಲಿ ಮಳೆಗೆ ಎರಡು ಏರುಗಳಿವೆ: ಒಂದು ಮೇ ತಿಂಗಳಿನಲ್ಲಿ, ಇನ್ನೊಂದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನಡುವಿನ ಜೂನ್, ಜುಲೈ ಇಲ್ಲಿಗೆ ತಗ್ಗು. ಕೇರಳ ಕರಾವಳಿಗೆ ಮುಂಗಾರು ಬಂತೆಂದು ಆಕಾಶವಾಣಿ ಸಾರುವ ಹೊತ್ತಿಗೆ ಇಲ್ಲಿನ ಮೊದಲ ಮಳೆಗಾಲ ಹೆಚ್ಚುಕಡಿಮೆ ಮುಗಿದಿರುತ್ತದೆ. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳಕ್ಕೆ ಬಂದು, 2009ರ ನಂತರದ ಅತ್ಯಂತ ಬೇಗನೆಯ ಆಗಮನವೆಂದು ದಾಖಲಾಯಿತು. ಅಂಥ ವರ್ಷದಲ್ಲಿಯೂ ಮಳೆಯ ನೆರಳಿನ ಈ ನೆಲಕ್ಕೆ ಭರಣಿ, ಕೃತ್ತಿಕೆಗಳ ಗುಡುಗುಮಳೆಯೇ ಬಿತ್ತನೆಯ ಮಳೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಇಲ್ಲಿ ಅಲಂಕಾರದ ಮಾತಲ್ಲ. ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗಿನ ಆ ಎರಡು ವಾರಗಳಲ್ಲಿ ನೆಲ ಒಮ್ಮೆ ಚೆನ್ನಾಗಿ ನೆನೆದರೆ ಜೋಳ, ಹತ್ತಿ, ಸೂರ್ಯಕಾಂತಿ, ನೆಲಗಡಲೆ ಮಣ್ಣಿಗೆ ಬೀಳುತ್ತವೆ. ಜುಲೈ ತಿಂಗಳಲ್ಲಿ ಊಟಿ ರಸ್ತೆಯ ಇಕ್ಕೆಲಗಳ ಸೂರ್ಯಕಾಂತಿ ಹೊಲದಲ್ಲಿ ಪ್ರವಾಸಿಗರು ನಿಂತು ಚಿತ್ರ ತೆಗೆದುಕೊಳ್ಳುತ್ತಾರಲ್ಲ, ಆ ಹಳದಿಯ ಹಿಂದೆ ಇರುವುದು ಬಿಸಿಲು ಮುರಿದ ಆ ಸಂಜೆ. ಆದರೆ ಸರಕಾರಿ ಪುಸ್ತಕದಲ್ಲಿ ಇದರ ಹೆಸರು ಮುಂಗಾರು ಪೂರ್ವ ಮಳೆ. ಮುಖ್ಯ ನಾಟಕ ಆರಂಭವಾಗುವ ಮೊದಲಿನ ನಾಂದಿಯೆಂಬಂತೆ. ಬರ ಘೋಷಣೆಯ ಲೆಕ್ಕಗಳು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಮೇಲೆ ನಿಂತಿವೆ. ಮೇ ತಿಂಗಳ ಮಳೆ ಕೈಕೊಟ್ಟು ಬಿತ್ತನೆಯೇ ಆಗದ ಹೊಲದ ಮಾಲೀಕ ಆ ಲೆಕ್ಕದ ಬಾಗಿಲಿನ ಹೊರಗೇ ನಿಲ್ಲುತ್ತಾನೆ.

ಬಿಸಿಲಿನ ಲೆಕ್ಕವೂ ಇಷ್ಟೇ ವಿಚಿತ್ರವಾಗಿದೆ. ಹವಾಮಾನ ಇಲಾಖೆಯ ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಆಗ ಅದು ಬಿಸಿಗಾಳಿಯ ಅಲೆ. ಗಿರಿಪ್ರದೇಶಕ್ಕೆ ಈ ಮಿತಿ 30 ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಗುಂಡ್ಲುಪೇಟೆ ಊಟಿಯಂತೆ ಗಿರಿಪ್ರದೇಶವೂ ಅಲ್ಲ, ರಾಯಚೂರಿನಂತೆ ಬಯಲೂ ಅಲ್ಲ. ಎತ್ತರದ ಕಾರಣದಿಂದಲೇ ಇಲ್ಲಿನ ಜನ, ದನ, ಗಿಡಗಳು ರೂಢಿಸಿಕೊಂಡ ಬೇಸಿಗೆ ಸೌಮ್ಯವಾದದ್ದು. ಅಂಥಲ್ಲಿ 38 ಡಿಗ್ರಿಯ ಬಿಸಿಲು ಹತ್ತು ದಿನ ನಿಂತರೆ ಅದು ವಿಪತ್ತು; ಪುಸ್ತಕದ ಪ್ರಕಾರ ಮಾತ್ರ ಅದು ಕೇವಲ ಬೇಸಿಗೆ. ಬೇಸಿಗೆಯಲ್ಲಿ ಸರಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ಕ್ಕೆ ಬದಲಾಯಿಸುವ ಆದೇಶ ಕಲಬುರಗಿ ವಿಭಾಗಕ್ಕೆ, ವಿಜಯಪುರ–ಬಾಗಲಕೋಟೆಗಳಿಗೆ ಹೋಗುತ್ತಿದ್ದುದುಂಟು; ಅದು ನ್ಯಾಯವೇ. ಕರಿಕಲ್ಲಿನ ಗಣಿಯಲ್ಲಿ, ಕಾದ ಬಂಡೆಯ ಮೇಲೆ ನಿಂತು ಉಳಿ ಹಿಡಿಯುವ ಚಾಮರಾಜನಗರದ ಕೂಲಿಗೆ ಯಾವ ಆದೇಶ ಬಂದೀತು?

2024ರ ಬೇಸಿಗೆಯನ್ನು ನೆನೆಯಿರಿ. ಅದರ ಹಿಂದಿನ ವರ್ಷ ಎಲ್ ನಿನೊ ಪ್ರಭಾವದಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಕೆರೆಗಳು ಬತ್ತಿದ್ದ ನೆಲದ ಮೇಲೆ ಆ ಏಪ್ರಿಲ್ ಬಂದಿತು. ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು, 2016ರ 39.2 ಡಿಗ್ರಿಯ ನಂತರ ಆ ನಗರ ಕಂಡ ಅತಿ ಹೆಚ್ಚಿನ ಬಿಸಿಲದು. ಆ ಇಡೀ ತಿಂಗಳು ಅಲ್ಲಿ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. ಪತ್ರಿಕೆಗಳ ಮುಖಪುಟ ಬೆಂಗಳೂರಿನ ಸೆಕೆಗೆ ಮೀಸಲಾಯಿತು. ನೀರಿಲ್ಲದ ಕೊಳವೆಬಾವಿಯ ಮುಂದೆ ಕೊಡ ಹಿಡಿದು ನಿಂತ ಒಳನಾಡಿನ ಹಳ್ಳಿಗಳು ಒಳಪುಟದ ಕೆಳಮೂಲೆಗೆ ಹೋದವು. ಮೇ ಮೊದಲ ವಾರದಲ್ಲಿ ದಕ್ಷಿಣ ಒಳನಾಡಿನಲ್ಲಿ ಗುಡುಗುಮಳೆ ಆರಂಭವಾಗಿ ಆ ಬಿಸಿಲು ಮುರಿಯಿತು.

ಬಿಸಿಲಿನ ಪೆಟ್ಟು ಯಾರಿಗೆ ಹೇಗೆ ತಾಗುತ್ತದೆಂಬುದನ್ನು ತಿಳಿಯಲು ರೇಷ್ಮೆ ಮನೆಯೊಂದರೊಳಗೆ ಹೋಗಬೇಕು. ಚಾಮರಾಜನಗರ, ಕೊಳ್ಳೇಗಾಲಗಳು ಹಳೆಯ ರೇಷ್ಮೆ ಸೀಮೆಗಳು. ಹಣ್ಣಾಗುವ ಮೊದಲಿನ ಹಂತದ ಹುಳು ಬಯಸುವುದು 24–26 ಡಿಗ್ರಿಯ ತಂಪು. ಹೊರಗೆ 38 ಇರುವಾಗ ಶೀಟು ಹೊದಿಸಿದ ಮನೆಯೊಳಗೆ ಅದನ್ನು ಕಾಪಾಡುವುದು ಹೇಗೆ? ಮನೆಯ ಹೆಂಗಸರು ಕಿಟಕಿಗೆ ಗೋಣಿಚೀಲ ಕಟ್ಟಿ, ಗಂಟೆಗೊಮ್ಮೆ ನೀರು ಎರಚುತ್ತಾರೆ. ಸೂರಿನ ಮೇಲೆ ತೆಂಗಿನ ಗರಿ ಹಾಸಿ ಅದನ್ನೂ ನೆನೆಸುತ್ತಾರೆ. ಗುಡುಗುಮೋಡ ಆಕಾಶದಲ್ಲಿ ಮಾಡುವ ಕೆಲಸವನ್ನೇ ಅವರು ಗೋಣಿಯಲ್ಲಿ ಮಾಡುತ್ತಿರುತ್ತಾರೆ. ಆ ನೀರನ್ನು ಹೊತ್ತು ತರುವವರೂ ಅವರೇ. ಇಷ್ಟೆಲ್ಲ ಮಾಡಿದರೂ ಬಿಸಿಲಿನ ತಿಂಗಳಲ್ಲಿ ಹಾಲುತೊಂಡೆ ಬಂದು ಒಂದಿಡೀ ಬೆಳೆ ಹೋಗುವುದುಂಟು. ಮಳೆ ಬಂತೆಂದು ನಿಟ್ಟುಸಿರು ಬಿಡುವಂತೆಯೂ ಇಲ್ಲ. ತೇವ ಏರಿ ತಂಪು ಹಿಡಿದ ಮನೆಯಲ್ಲಿ ಸುಣ್ಣಕಟ್ಟು ಕಾದಿರುತ್ತದೆ. ಒದ್ದೆ ಸೊಪ್ಪು ಹಾಕುವಂತಿಲ್ಲ, ಒಣಗಿಸಲು ಜಾಗವಿಲ್ಲ. ಹವೆ ತಿರುಗಿದ ವಾರದಲ್ಲಿ ರೇಷ್ಮೆ ಸಾಕುವವರು ನಿದ್ದೆಗೆಡುವಷ್ಟು ಬಿಸಿಲಿನ ವಾರದಲ್ಲಿಯೂ ಕೆಡುವುದಿಲ್ಲ.

ಕಾಡಿನ ಕಡೆಗೆ ಹೊರಳೋಣ. ಬಂಡೀಪುರದ ಎಲೆಯುದುರುವ ಕಾಡು ಫೆಬ್ರವರಿಯಿಂದಲೇ ಬೋಳಾಗತೊಡಗುತ್ತದೆ. ಕೆರೆಗಳು ಇಂಗಿದಂತೆ ಆನೆಗಳು ಕಬಿನಿಯ ಹಿನ್ನೀರಿನತ್ತ ಸರಿಯುತ್ತವೆ; ಬೇಸಿಗೆಯಲ್ಲಿ ಅಲ್ಲಿ ಸೇರುವ ಆನೆಗಳ ಹಿಂಡನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಉಳಿದ ಪ್ರಾಣಿಗಳಿಗಾಗಿ ಅರಣ್ಯ ಇಲಾಖೆ ಸೌರಶಕ್ತಿಯ ಪಂಪುಗಳಿಂದ ಕೆಲವು ಕೆರೆಗಳಿಗೆ ಕೊಳವೆಬಾವಿಯ ನೀರು ತುಂಬಿಸುತ್ತದೆ. ಅದು ಬೇಕೇ ಬೇಡವೇ ಎಂಬ ಚರ್ಚೆ ತಜ್ಞರಲ್ಲಿದೆ. ಬತ್ತಬೇಕಾದ ಕಾಡನ್ನು ಬತ್ತಗೊಡದಿದ್ದರೆ ಪ್ರಾಣಿಗಳ ಸಂಖ್ಯೆಯ ಸಹಜ ಏರಿಳಿತ ತಪ್ಪೀತೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ನೀರಿಲ್ಲದ ಕಾಡಿನ ಆನೆ ಕಾಡಂಚಿನ ಬಾಳೆ ತೋಟಕ್ಕೆ ಬರುತ್ತದೆಂಬುದೂ ಅಷ್ಟೇ ನಿಜ.

ಬಿಸಿಲಿನ ಕೊನೆಗೆ ಮೊದಲು ಬೆಂಕಿಯ ಭಯವಿರುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅಲ್ಲಿಯೇ ಪ್ರಾಣ ಬಿಟ್ಟರು. 2019ರ ಫೆಬ್ರವರಿ 21ರಿಂದ 25ರವರೆಗೆ ಗೋಪಾಲಸ್ವಾಮಿ ಬೆಟ್ಟದ ಸುತ್ತಲ ಕಾಡು ಹೊತ್ತಿ ಉರಿದು, ಉಪಗ್ರಹ ಚಿತ್ರಗಳ ಅಂದಾಜಿನಂತೆ 10,920 ಎಕರೆ ಸುಟ್ಟುಹೋಯಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ನೆಲದ ಮೇಲೆ ಸೊಪ್ಪಿನ ಬರಲು ಹಿಡಿದು ಬೆಂಕಿಗೆ ಎದುರಾಗಿ ನಿಂತವರಲ್ಲಿ ಕಾಡಂಚಿನ ಬುಡಕಟ್ಟು ಜನರೇ ಬಹಳ ಮಂದಿ. ಬೇಸಿಗೆಯ ತಿಂಗಳುಗಳಿಗೆಂದು ದಿನಗೂಲಿಗೆ ನೇಮಕಗೊಳ್ಳುವ ಈ ಬೆಂಕಿ ಕಾವಲುಗಾರರು ಮಳೆ ಬಿದ್ದ ಮರುದಿನದಿಂದ ಕೆಲಸವಿಲ್ಲದವರಾಗುತ್ತಾರೆ. ಬಿಸಿಲು ಮುರಿಯಲೆಂದು ಇಡೀ ಸೀಮೆ ಹರಕೆ ಹೊರುವಾಗ, ಅದು ಮುರಿದರೆ ಕೂಲಿ ನಿಲ್ಲುವ ಒಂದು ಗುಂಪೂ ಇದೆಯೆಂಬುದು ನೆನಪಿರಲಿ.

ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ, ಇಬ್ಬನಿಯ ತೇವ ಇನ್ನೂ ಆರದ ದಿನಗಳಲ್ಲಿ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ಮೊಣಕಾಲೆತ್ತರದ ಆ ಬೆಂಕಿ ತರಗನ್ನು ಸುಟ್ಟು ಮರಗಳನ್ನು ಬಿಡುತ್ತಿತ್ತು. 1972ರ ವನ್ಯಜೀವಿ ಕಾಯಿದೆಯ ನಂತರ, ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ, ಅದು ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದ ಲಾಂಟಾನ ಕಾಡಿನ ತಳವನ್ನು ಆಕ್ರಮಿಸಿತು. ಇಂದು ಬೆಂಕಿ ಬಿದ್ದರೆ ಒಣಗಿದ ಲಾಂಟಾನ ಅದನ್ನು ಏಣಿಯಂತೆ ಮರದ ನೆತ್ತಿಗೆ ಏರಿಸುತ್ತದೆ. ಲಾಂಟಾನಕ್ಕೂ ತರಗು ಬೆಂಕಿ ನಿಂತದ್ದಕ್ಕೂ ಸಂಬಂಧವಿದೆಯೆಂದು ಸೋಲಿಗ ಹಿರಿಯರು ಹೇಳುತ್ತ ಬಂದದ್ದನ್ನು ಸಂಶೋಧಕರು ಗಂಭೀರವಾಗಿ ಪರಿಶೀಲಿಸತೊಡಗಿದ್ದು ತಡವಾಗಿ. 2011ರಲ್ಲಿ ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಆದರೆ ಬೆಂಕಿಯ ಬಗ್ಗೆ ಅವರ ತಿಳಿವಳಿಕೆಗೆ ಕಾಡಿನ ಆಡಳಿತದಲ್ಲಿ ಇನ್ನೂ ತಕ್ಕ ಸ್ಥಾನ ದೊರೆತಿಲ್ಲ. ಲಾಂಟಾನ ತುಂಬಿದ ಇಂದಿನ ಕಾಡಿಗೆ ಹಳೆಯ ರೀತಿಯಲ್ಲೇ ಬೆಂಕಿ ಕೊಡುವುದು ಅಪಾಯವೆಂಬುದೂ ಸತ್ಯವೇ. ಮೊದಲು ಗಿಡ ಕೀಳಬೇಕು, ಆಮೇಲೆ ಬೆಂಕಿಯ ಮಾತು.

ಮೊದಲ ಮಳೆ ಬಿದ್ದ ವಾರದಲ್ಲಿ ಈ ಕಾಡು ಬದಲಾಗುವ ವೇಗವನ್ನು ಕಂಡವರೇ ನಂಬಬೇಕು. ಸಂಜೆಗೆ ನೆಲದ ಬಿರುಕುಗಳಿಂದ ಗೆದ್ದಲಿನ ರೆಕ್ಕೆಹುಳುಗಳು ಹೊಗೆಯಂತೆ ಏಳುತ್ತವೆ. ಹಕ್ಕಿ, ಓತಿ, ಕಪ್ಪೆ, ಕರಡಿ ಎಲ್ಲಕ್ಕೂ ಅದು ಹಬ್ಬ. ನಾಲ್ಕೈದು ದಿನಗಳಲ್ಲಿ ಕರಿದಾದ ನೆಲದ ಮೇಲೆ ಹಸುರು ಸೂಜಿಗಳು ಮೂಡುತ್ತವೆ. ಹುಲ್ಲು ಚಿಗುರಿದ ಸುದ್ದಿ ಆನೆಗಳಿಗೆ ಹೇಗೋ ತಿಳಿಯುತ್ತದೆ; ಹಿನ್ನೀರು ಬಿಟ್ಟು ಹಿಂಡುಗಳು ಚದುರಿ ಬಂಡೀಪುರದ ಕಡೆಗೆ ಹಿಂದಿರುಗುತ್ತವೆ. ಆದರೆ ಸುಟ್ಟ ಇಳಿಜಾರಿನ ಮೇಲೆ ಅದೇ ಮಳೆ ಬಿದ್ದರೆ ಬೂದಿಯೂ ಮೇಲ್ಮಣ್ಣೂ ಒಟ್ಟಿಗೆ ಕೊಚ್ಚಿ ಹಳ್ಳ ಸೇರುತ್ತವೆ.

ಊರಿನ ಕಡೆ ಆ ಸಂಜೆಯ ಮುಖ್ಯ ಸುದ್ದಿ ಬಾಳೆಯದು. ಕಳೆದ ಎರಡು ಮೂರು ದಶಕಗಳಲ್ಲಿ ರಾಗಿ, ಜೋಳ, ಹುರುಳಿಗಳ ಹೊಲಗಳು ಕೊಳವೆಬಾವಿಯ ಬಲದಿಂದ ಬಾಳೆ, ಅರಿಶಿನ, ಸಣ್ಣ ಈರುಳ್ಳಿಯ ತೋಟಗಳಾಗಿವೆ. ಕೇರಳದ ಪೇಟೆಗೆಂದು ಬೆಳೆಯುವ ನೇಂದ್ರ ಎತ್ತರದ ಗಿಡ, ಭಾರದ ಗೊನೆ. ಏಪ್ರಿಲ್‌ನಲ್ಲಿ ನೀರಿನ ಕೊರತೆಯಿಂದ ದಿಂಡು ಸೊರಗಿರುತ್ತದೆ. ಗೊನೆ ಮಾತ್ರ ತೂಗುತ್ತಿರುತ್ತದೆ. ಆ ಸ್ಥಿತಿಯಲ್ಲಿ ತಂಪುಗಾಳಿಯ ಅಂಚು ಬಂದು ಹೊಡೆದರೆ ಗಿಡ ನಡುವಿನಲ್ಲೇ ಮುರಿಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮುನ್ಸೂಚನೆಯಲ್ಲಿ ಗಂಟೆಗೆ 40–50 ಕಿಲೋಮೀಟರು ಎಂದು ಸಾಮಾನ್ಯವಾಗಿ ಹೇಳುವ ಗಾಳಿ ಒಂದೆರಡು ನಿಮಿಷ ಅದನ್ನು ಮೀರಿದರೂ ಸಾಕು. ವರ್ಷವೊಂದರ ದುಡಿಮೆ ಹತ್ತು ನಿಮಿಷದಲ್ಲಿ ನೆಲಕಚ್ಚಿರುತ್ತದೆ. ಪಕ್ಕದ ಹೊಲದವನು ಮರುದಿನ ಬೆಳಗ್ಗೆ ನೇಗಿಲು ಕಟ್ಟುತ್ತಿರುತ್ತಾನೆ. ಒಂದೇ ಗಾಳಿ, ಒಂದೇ ಬೇಲಿಯ ಎರಡು ಬದಿ.

ಪರಿಹಾರದ ಕಾಗದಗಳನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. 15ನೆಯ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ಒಪ್ಪಿದ್ದ ವಿಪತ್ತುಗಳ ಪಟ್ಟಿಯಲ್ಲಿ ಹಿಮಕುಸಿತವಿತ್ತು, ಶೀತದ ಅಲೆಯಿತ್ತು, ಸುನಾಮಿಯಿತ್ತು. ಬಿಸಿಗಾಳಿ ಇರಲಿಲ್ಲ, ಸಿಡಿಲೂ ಇರಲಿಲ್ಲ. ಗುಡುಗುಮಳೆಯ ಗಾಳಿಗೆ ಪ್ರತ್ಯೇಕ ಹೆಸರೂ ಇರಲಿಲ್ಲ. 2022–26ರ ಮಾನದಂಡದಂತೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಬಾಳೆಯ ಕಂದು, ಗೊಬ್ಬರ, ಕೂಲಿಗೆ ಸುರಿದ ಸಾಲದ ಮುಂದೆ ಈ ಮೊತ್ತ ಎಷ್ಟರದು ಎಂಬುದನ್ನು ಈ ಸಭೆಯಲ್ಲಿ ಕುಳಿತವರಿಗೆ ವಿವರಿಸುವ ಅಗತ್ಯವಿಲ್ಲ. ಗುತ್ತಿಗೆಗೆ ಭೂಮಿ ಹಿಡಿದು ಬೆಳೆದವನಿಗಂತೂ ಪಹಣಿಯಲ್ಲಿ ಹೆಸರೇ ಇರುವುದಿಲ್ಲ.

ಹಾಗೆಂದು ಬಾಳೆ ಬೆಳೆದದ್ದೇ ತಪ್ಪೆಂದು ಉಪದೇಶಿಸುವುದು ಅನ್ಯಾಯ. ಜೋಳದ ಬೆಲೆಯಲ್ಲಿ ಮಕ್ಕಳನ್ನು ಓದಿಸಲಾಗದೆ ರೈತ ಬಾಳೆಗೆ ಹೋದ. ತಪ್ಪು ಇರುವುದು ಬಾಳೆಗಾಗಿ ಬದುವಿನ ಮರಗಳನ್ನು ಕಡಿದದ್ದರಲ್ಲಿ. ಹಿಂದೆ ಹೊಲದ ಸುತ್ತ ಕಳ್ಳಿಯ ಬೇಲಿ, ಅದರ ನಡುನಡುವೆ ಹೊಂಗೆ, ಬೇವು, ಹುಣಸೆ ಇರುತ್ತಿದ್ದವು. ನೆರಳು ಬೀಳುತ್ತದೆ, ಬೇರು ನೀರು ಕುಡಿಯುತ್ತದೆ, ಟ್ರ್ಯಾಕ್ಟರಿಗೆ ಅಡ್ಡ ಬರುತ್ತದೆ ಎಂದು ಒಂದೊಂದಾಗಿ ಹೋದವು. ಅವುಗಳ ಜಾಗಕ್ಕೆ ತಂತಿ ಬಂದಿತು. ತಂತಿ ಆನೆಯನ್ನೂ ಪೂರ್ತಿ ತಡೆಯಲಿಲ್ಲ, ಗಾಳಿಯನ್ನಂತೂ ತಡೆಯಲೇ ಇಲ್ಲ. ಗಾಳಿತಡೆಯ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯನ್ನು ತಗ್ಗಿಸಬಲ್ಲದು. 30 ಅಡಿಯ ಹೊಂಗೆಯ ಸಾಲು 300 ಅಡಿ ತೋಟವನ್ನು ಕಾಯುತ್ತದೆ. ಅದು ಗೋಡೆಯಂತೆ ದಟ್ಟವಾಗಿರಬಾರದು, ಗಾಳಿಯನ್ನು ಸೋಸುವಂತಿರಬೇಕು. ಹಳೆಯ ಬೇಲಿಯ ಗುಣ ಅದೇ ಆಗಿತ್ತು. ಗುಡುಗುಮಳೆಯ ಗಾಳಿ ಯಾವ ದಿಕ್ಕಿನಿಂದಲೂ ಬರಬಹುದಾದ್ದರಿಂದ ಒಂದೇ ಬದಿಯಲ್ಲಿ ಸಾಲು ಹಚ್ಚಿದರೆ ಪ್ರಯೋಜನ ಅರ್ಧ. ಒಣಹೊಲದಲ್ಲಿ ಜೋಳ, ರಾಗಿಗಳ ನಡುವೆ ತೊಗರಿ, ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವ ಪದ್ಧತಿಯೂ ಇದೇ ವಿವೇಕದ ಇನ್ನೊಂದು ರೂಪ: ಒಂದು ಹೋದರೆ ಒಂದು ಉಳಿಯಲಿ.

ನೀರಿನ ಲೆಕ್ಕ ಇನ್ನೂ ಸರಳ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಸುಮಾರು 4,000 ಲೀಟರು. 25 ಮಿಲಿಮೀಟರಿನ ಒಂದು ಭರಣಿ ಮಳೆ ಎಕರೆಗೆ ಒಂದು ಲಕ್ಷ ಲೀಟರು ನೀರನ್ನು ಮುಕ್ಕಾಲು ಗಂಟೆಯಲ್ಲಿ ಸುರಿದು ಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಮಾಗಿ ಉಳುಮೆ ಮಾಡಿಟ್ಟ ಹೊಲ ಅದನ್ನು ಕುಡಿಯುತ್ತದೆ. ಗಟ್ಟಿಯಾಗಿ ಕಾದು ಕುಳಿತ ಹೊಲ ಅದನ್ನು ಹಳ್ಳಕ್ಕೆ ಬಿಡುತ್ತದೆ. ಹಳ್ಳದಿಂದ ಕೆರೆಗೆ ಹೋಗುವ ಕಾಲುವೆ ಒತ್ತುವರಿಯಾಗಿದ್ದರೆ ನೀರು ರಸ್ತೆಗೆ ಬಂದು, ಮರುದಿನ ಪತ್ರಿಕೆಯಲ್ಲಿ ಅವಾಂತರವೆಂಬ ತಲೆಬರಹವಾಗುತ್ತದೆ. ಕಬಿನಿಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ಇಲ್ಲಿನ ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ. ಅದರಿಂದ ಕೆಲವು ಊರುಗಳ ಬಾವಿಗಳಿಗೆ ಜೀವ ಬಂದದ್ದನ್ನು ಅಲ್ಲಗಳೆಯಬಾರದು. ಆದರೆ ವಿದ್ಯುತ್ತಿನಿಂದ ದೂರದ ನೀರನ್ನು ಎತ್ತಿ ತುಂಬಿಸಿದ ಕೆರೆಗೆ, ತಲೆಯ ಮೇಲೆ ಬಿದ್ದ ಮಳೆಯ ನೀರು ಬರುವ ದಾರಿಯನ್ನು ಮುಚ್ಚಿ ಕೂರುವುದು ಯಾವ ನ್ಯಾಯ?

ಸಿಡಿಲಿನ ಬಗ್ಗೆ ಒಂದು ಮಾತು ಹೇಳದೆ ಮುಗಿಸುವಂತಿಲ್ಲ. ಏಪ್ರಿಲ್–ಮೇ ತಿಂಗಳುಗಳಲ್ಲಿ ಸಿಡಿಲಿಗೆ ಬಲಿಯಾಗುವವರಲ್ಲಿ ಕುರಿಗಾಹಿಗಳೂ ಹೊಲದ ಕೂಲಿಯವರೂ ಹೆಚ್ಚು. ತಂಪುಗಾಳಿ ಮುಖಕ್ಕೆ ಬಡಿದ ಕ್ಷಣವೇ ಮೋಡ ಹತ್ತಿರವಿದೆಯೆಂದು ಅರ್ಥ. ಹನಿ ಬೀಳಲೆಂದು ಕಾಯಬಾರದು. ಬಯಲಿನ ಒಂಟಿ ಹುಣಸೆ ಮರ ಬಿಸಿಲಿನಲ್ಲಿ ತಾಯಿ, ಗುಡುಗಿನಲ್ಲಿ ಕೊಲೆಗಡುಕಿ. ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಹತ್ತಿರ ಮನೆಯಿಲ್ಲದಿದ್ದರೆ ಮರದಿಂದಲೂ ತಂತಿ ಬೇಲಿಯಿಂದಲೂ ದೂರ ಸರಿದು, ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಬೇಕು. ಗುಡುಗು ನಿಂತ ಮೇಲೂ ಅರ್ಧ ಗಂಟೆ ಕಾಯಬೇಕು.

ಈ ಸಭೆಯ ಮುಂದಿರುವ ಕೋರಿಕೆ ಚಿಕ್ಕದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹೂಡಿದೆ. ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಮುನ್ಸೂಚನೆ ಸಿಗುತ್ತದೆ. ಆದರೆ ಬೇಸಿಗೆಯ ಗುಡುಗುಮಳೆ ಒಂದು ಹೊಲಕ್ಕೆ ಬಂದು ಪಕ್ಕದ ಹೊಲಕ್ಕೆ ಬಾರದಂಥದು. ಪಂಚಾಯಿತಿಗೊಂದು ಮಾಪಕ ಅದನ್ನು ಹಿಡಿಯಲಾರದು. ಆದ್ದರಿಂದ ಪ್ರತಿ ಊರಿನ ಶಾಲೆಯಲ್ಲಿ ನೆರಳಿನಲ್ಲಿ ತೂಗುಹಾಕಿದ ಒಂದು ತಾಪಮಾಪಕ, ಬಯಲಿನಲ್ಲಿ ಒಂದು ಮಳೆಮಾಪಕ, ಒಂದು ನೋಟ್ ಪುಸ್ತಕ ಇರಲಿ. ಮಧ್ಯಾಹ್ನದ ಬಿಸಿಲೆಷ್ಟು, ಗಾಳಿ ಎಷ್ಟು ಗಂಟೆಗೆ ಯಾವ ದಿಕ್ಕಿನಿಂದ ಬಂತು, ಮಳೆ ಎಷ್ಟು ಮಿಲಿಮೀಟರು, ಎಷ್ಟು ಬಾಳೆ ಬಿತ್ತು, ಬಿದ್ದ ತೋಟಕ್ಕೆ ಬೇಲಿ ಎಂಥದು ಇತ್ತು ಎಂಬುದನ್ನು ಮಕ್ಕಳು ಬರೆದಿಡಲಿ. ಐದು ಬೇಸಿಗೆಗಳ ಅಂಥ ಪುಸ್ತಕಗಳನ್ನು ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋದರೆ, ಗುಂಡ್ಲುಪೇಟೆಯಲ್ಲಿ 38 ಡಿಗ್ರಿ ಎಂದರೆ ಏನು ಎಂಬ ಪ್ರಶ್ನೆಯನ್ನು ಕಾಗದದ ಮೇಲೆಯೇ ಕೇಳಬಹುದು. ಮಳೆ ಅಳೆಯುವ ಹೊತ್ತು ದಿನವೂ ಬೆಳಗ್ಗೆ 8.30, ಇಲಾಖೆಯ ಅಂಕಿಗಳೊಡನೆ ಹೋಲಿಸಬೇಕಾದರೆ ಆ ಹೊತ್ತನ್ನು ತಪ್ಪಿಸುವಂತಿಲ್ಲ.